ಸಿಮೆಟ್ರಿಯ (ಕ್ರೈಸ್ತರ ಸ್ಮಶಾನದ) ಕಲ್ಲಿನ ದೇವದೂತರ ಫೋಟೊ ತೆಗೆಯುವುದು ಹೇಗೆ: ಪ್ರವಾಸ ಹೊರಡುವವರಿಗೆ ಒಂದು ಮಾರ್ಗದರ್ಶಿ

ಇಟಲಿ, ಫ್ರಾನ್ಸ್ ಕಡೆ ಪ್ರವಾಸ ಹೋಗಿ ಬಂದವರು, ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋಗಿ ಮೂರು ತಿಂಗಳು ಇದ್ದು ಬಂದವರು, ಎಲ್ಲರೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. "ಸಿಮೆಟ್ರಿಯಲ್ಲಿ ಅಷ್ಟು ಚಂದದ ದೇವದೂತನ ಮೂರ್ತಿ ಇತ್ತು, ಫೋಟೊದಲ್ಲಿ ನೋಡಿದರೆ ಬರೀ ಬೂದು ಕಲ್ಲು, ಯಾಕೆ ಹೀಗೆ?" ಅದರ ಹಿಂದೆಯೇ ಇನ್ನೊಂದು: "ಅಲ್ಲೆಲ್ಲ ಫೋಟೊ ತೆಗೀಬಹುದಾ, ತಪ್ಪಲ್ವಾ?"

ಎರಡಕ್ಕೂ ಉತ್ತರ ಇಲ್ಲಿದೆ. ದೊಡ್ಡ ಕ್ಯಾಮೆರಾ ಬೇಕಿಲ್ಲ, ಮೊಬೈಲ್ ಇದ್ದರೂ ಆಗುತ್ತದೆ. ಬೇಕಾಗಿರುವುದು ಸಮಯ. ಟೂರ್ ಬಸ್ಸು ಹೊರಗೆ ನಿಂತಿದೆ, ಇಪ್ಪತ್ತು ನಿಮಿಷದಲ್ಲಿ ಮುಗಿಸಿ ಅಂದರೆ ನೋಡಿ ಬನ್ನಿ, ಫೋಟೊದ ಆಸೆ ಬಿಡಿ. ಕನಿಷ್ಠ ಅರ್ಧ ದಿನ ಇದ್ದರೆ ಮುಂದೆ ಓದಿ.

1. ಮೊದಲು ಸರಿಯಾದ ಜಾಗ ಆರಿಸಿಕೊಳ್ಳಿ

ಹಳೆಯ ಸಿಮೆಟ್ರಿ ಅಂದರೆ ಸಾಕು, ದೇವದೂತರು ಇದ್ದೇ ಇರುತ್ತಾರೆ ಅಂದುಕೊಳ್ಳಬೇಡಿ. ಸಮಾಧಿಯ ಮೇಲೆ ರೆಕ್ಕೆಯ ಮೂರ್ತಿ ನಿಲ್ಲಿಸುವ ರೂಢಿ ಜೋರಾದದ್ದು 19ನೇ ಶತಮಾನದ ನಡುವಿನಿಂದ. ಅದಕ್ಕಿಂತ ಹಳೆಯ ಜಾಗಗಳಲ್ಲಿ ಬೇರೆಯೇ ಲೋಕ. ಕೋಲ್ಕತ್ತದ ಸೌತ್ ಪಾರ್ಕ್ ಸ್ಟ್ರೀಟ್ ಸಿಮೆಟ್ರಿ ಶುರುವಾದದ್ದು 1767ರಲ್ಲಿ. ಅಲ್ಲಿ ಪಿರಮಿಡ್ಡು, ಚೂಪು ಕಂಬ, ಗುಮ್ಮಟ ಇವೇ ಜಾಸ್ತಿ. ನಮ್ಮ ಶ್ರೀರಂಗಪಟ್ಟಣದ ಗ್ಯಾರಿಸನ್ ಸಿಮೆಟ್ರಿಯೂ 1800ರ ಆಸುಪಾಸಿನದು, ಅಲ್ಲಿಯೂ ಹಾಗೆಯೇ. ಎರಡೂ ನೋಡಬೇಕಾದ ಜಾಗಗಳೇ, ಆದರೆ ದೇವದೂತರಿಗಾಗಿ ಅಲ್ಲ.

ದೇವದೂತರೇ ಬೇಕು ಅಂದರೆ ನನ್ನ ಮೊದಲ ಆಯ್ಕೆ ಇಟಲಿಯ ಜಿನೋವಾ ಊರಿನ ಸ್ಟಾಲಿಯೆನೊ. 1851ರಲ್ಲಿ ತೆರೆದದ್ದು. ಉದ್ದುದ್ದ ಕಮಾನು ಸಾಲು, ಒಂದೊಂದು ಕಮಾನಿನಲ್ಲೂ ಒಂದೊಂದು ಕುಟುಂಬದ ಮೂರ್ತಿ. ಜೂಲಿಯೊ ಮೊಂಟೆವೆರ್ಡೆ 1882ರಲ್ಲಿ ಒನೆಟೊ ಕುಟುಂಬಕ್ಕಾಗಿ ಕಡೆದ ಹೆಣ್ಣು ರೂಪದ ದೇವದೂತ ಇರುವುದು ಇಲ್ಲೇ. ಎದೆಯ ಮೇಲೆ ಕೈ ಕಟ್ಟಿಕೊಂಡು, ಒಂದು ಕೈಯಲ್ಲಿ ಕಹಳೆ ಹಿಡಿದು ನಿಂತಿದ್ದಾಳೆ. ಮುಖದಲ್ಲಿ ಸಮಾಧಾನ ಹೇಳುವ ಭಾವವೇ ಇಲ್ಲ, ಯಾವುದಕ್ಕೂ ಸಂಬಂಧ ಇಲ್ಲದವಳ ಹಾಗೆ ನೋಡುತ್ತಾಳೆ. ಆ ನೋಟವನ್ನು ಮೆಚ್ಚಿ ಬೇರೆ ಊರುಗಳಲ್ಲೂ ನಕಲು ಮಾಡಿದ್ದಾರೆ.

ರೋಮ್‌ನಲ್ಲಿ ಕ್ಯಾಥೊಲಿಕರಲ್ಲದವರ ಸಿಮೆಟ್ರಿಗೆ ಹೋಗಿ. ಕವಿಗಳಾದ ಕೀಟ್ಸ್, ಶೆಲ್ಲಿ ಸಮಾಧಿ ಇರುವ ಜಾಗ. ಅಮೆರಿಕದ ಶಿಲ್ಪಿ ವಿಲಿಯಂ ವೆಟ್ಮೋರ್ ಸ್ಟೋರಿ ಹೆಂಡತಿ ತೀರಿಕೊಂಡ ಮೇಲೆ 1894ರಲ್ಲಿ ಮಾಡಿದ 'ಏಂಜಲ್ ಆಫ್ ಗ್ರೀಫ್' ಅಲ್ಲಿದೆ. ಪೀಠದ ಮೇಲೆ ಕುಸಿದು, ತಲೆ ತೋಳಿನಲ್ಲಿ ಹುದುಗಿಸಿ, ರೆಕ್ಕೆ ಜೋತುಬಿಟ್ಟ ಮೂರ್ತಿ. ಮರುವರ್ಷ ಸ್ಟೋರಿಯೂ ತೀರಿಕೊಂಡರು, ಅವರ ಸಮಾಧಿಯೂ ಅಲ್ಲೇ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಮ್ಮವರು ತುಂಬ ಜನ ಇದ್ದೀರಿ, ನೀವು ರೋಮ್‌ವರೆಗೆ ಹೋಗಬೇಕಾಗಿಯೂ ಇಲ್ಲ. ಸ್ಟ್ಯಾನ್‌ಫರ್ಡ್ ಕ್ಯಾಂಪಸ್ಸಿನ ಒಳಗೇ ಇದರ ನಕಲು ಇದೆ. 1901ರಲ್ಲಿ ನಿಲ್ಲಿಸಿದ್ದು 1906ರ ಭೂಕಂಪಕ್ಕೆ ಹಾಳಾಗಿ, 1908ರಲ್ಲಿ ಹೊಸದಾಗಿ ಮಾಡಿಸಿದ್ದು.

ಲಂಡನ್ನಿನ ಹೈಗೇಟ್ (1839), ಪ್ಯಾರಿಸ್ಸಿನ ಪೇರ್ ಲಾಶೇಸ್ (1804), ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ರೆಕೊಲೇಟಾ (1822), ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಲೇಕ್ ವ್ಯೂ ಇವೂ ಪಟ್ಟಿಯಲ್ಲಿರಲಿ.

ಹೊರಡುವ ಮುಂಚೆ ಕೈ ಪಳಗಿಸಿಕೊಳ್ಳಬೇಕಾ? ಬೆಂಗಳೂರಿನಲ್ಲಿರುವವರು ಹೊಸೂರು ರಸ್ತೆಯ ಕ್ರೈಸ್ತ ಸಿಮೆಟ್ರಿಗಳಲ್ಲಿ, ಕಲ್ಪಳ್ಳಿಯಲ್ಲಿ ಅಭ್ಯಾಸ ಮಾಡಬಹುದು. ಆಫೀಸಿನಲ್ಲಿ ಕೇಳಿಕೊಂಡು ಹೋಗಿ.

2. ಅನುಮತಿ ಮತ್ತು ಟೈಮು

ಸಿಮೆಟ್ರಿಗಳ ವಿಷಯದಲ್ಲಿ ಎಲ್ಲ ಕಡೆಗೂ ಒಂದೇ ನಿಯಮ ಅಂತಿಲ್ಲ. ಕೆಲವು ಕಡೆ ಒಳಗೆ ಬಿಡುವುದು ಪುಕ್ಕಟೆ, ಹೈಗೇಟ್‌ನಲ್ಲಿ ಟಿಕೆಟ್ ಇದೆ. ಸುಮ್ನೆ ನೆನಪಿಗೆ ಅಂತ ತೆಗೆಯುವುದಕ್ಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ. ಟ್ರೈಪಾಡ್ ಬಿಚ್ಚಿದ ಕೂಡಲೇ, ಮಾಡೆಲ್ ನಿಲ್ಲಿಸಿದ ಕೂಡಲೇ ಕಾವಲುಗಾರರು ಬರುತ್ತಾರೆ, ಯಾಕೆಂದರೆ ಅದು ವ್ಯಾಪಾರದ ಶೂಟಿಂಗ್ ಥರ ಕಾಣುತ್ತದೆ. ಡ್ರೋನ್ ವಿಚಾರ ಮರೆತುಬಿಡಿ.

ಹೋಗುವ ಹಿಂದಿನ ದಿನ ಆಯಾ ಸಿಮೆಟ್ರಿಯ ವೆಬ್‌ಸೈಟಿನಲ್ಲಿ ಎರಡು ವಿಷಯ ನೋಡಿ: ಫೋಟೊ ನಿಯಮ, ಬಾಗಿಲು ಹಾಕುವ ಹೊತ್ತು. ಸಂಜೆಯ ಬೆಳಕು ಚೆನ್ನಾಗಿ ಬರುವಷ್ಟರಲ್ಲಿ ಎಷ್ಟೋ ಕಡೆ ಗೇಟು ಹಾಕಿರುತ್ತಾರೆ, ಒಳಗೆ ಬಿಡುವುದನ್ನು ಅದಕ್ಕೂ ಮೊದಲೇ ನಿಲ್ಲಿಸಿರುತ್ತಾರೆ. ಇಟಲಿಯಲ್ಲಿ ಬೋರ್ಡಿನ ಮೇಲೆ 'ವಿಯೆತಾತೊ' ಅಂತಿದ್ದರೆ, ಫ್ರಾನ್ಸಿನಲ್ಲಿ 'ಆಂತೆರ್ದಿ' ಅಂತಿದ್ದರೆ ನಿಷೇಧ ಅಂತ ಅರ್ಥ. ಇಟಲಿಯ ಕಾವಲುಗಾರನಿಗೆ ಕ್ಯಾಮೆರಾ ತೋರಿಸಿ "ಸಿ ಪುವೊ ಫೊಟೊಗ್ರಾಫಾರೆ?" ಅಂದರೆ ಸಾಕು, ತೆಗೀಬಹುದಾ ಅಂತ ಕೇಳಿದ ಹಾಗೆ.

ನವೆಂಬರ್ 1 ಮತ್ತು 2 ಸತ್ತವರನ್ನು ನೆನೆಯುವ ದಿನಗಳು. ಇಟಲಿ, ಫ್ರಾನ್ಸ್‌ಗಳಲ್ಲಿ ಅವತ್ತು ಸಿಮೆಟ್ರಿ ತುಂಬ ಕುಟುಂಬಗಳು, ಹೂವು. ನಮ್ಮೂರಲ್ಲೂ 2ನೇ ತಾರೀಕು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತಾರೆ. ನೋಡಲು ಚಂದ ನಿಜ, ಆದರೆ ಕ್ಯಾಮೆರಾ ಹಿಡಿದು ಓಡಾಡುವ ದಿನ ಅಲ್ಲ. ಅಂದಹಾಗೆ, ಅಲ್ಲಿ ಸಮಾಧಿಗೆ ಇಡುವುದು ಸೇವಂತಿಗೆ. ನಾವು ದೇವರ ತಲೆಗೆ ಮುಡಿಸುವ ಹೂವೇ. ಯಾರ ಮನೆಗಾದರೂ ಊಟಕ್ಕೆ ಹೋಗುವಾಗ ಸೇವಂತಿಗೆ ಗೊಂಚಲು ಒಯ್ಯಬೇಡಿ.

3. ಬ್ಯಾಗಿನಲ್ಲಿ ಏನಿರಲಿ

ಕಡಿಮೆ ಇರಲಿ. ಮೊಬೈಲ್ ಆದರೆ ಎರಡು ಅಥವಾ ಮೂರು ಪಟ್ಟು ಜೂಮ್ ಲೆನ್ಸ್ ಇರುವುದು ಒಳ್ಳೆಯದು. ಕ್ಯಾಮೆರಾ ಆದರೆ 70-200 ಎಂಎಂ ಜೂಮ್ ಅಥವಾ 85 ಎಂಎಂ ಲೆನ್ಸ್ ಒಂದು, 35 ಎಂಎಂ ಒಂದು. ಮೂರ್ತಿಗಳು ಎತ್ತರದ ಪೀಠದ ಮೇಲೆ ಇರುತ್ತವೆ, ಮುಖ ಸಿಗಬೇಕಾದರೆ ದೂರದಿಂದ ಎಳೆದುಕೊಳ್ಳಲೇಬೇಕು. ಹತ್ತಿರ ಹೋಗಿ ಅಗಲದ ಲೆನ್ಸಿನಲ್ಲಿ ಮೇಲಕ್ಕೆ ನೋಡಿ ತೆಗೆದರೆ ಕಾಲು ದಪ್ಪ, ತಲೆ ಚಿಕ್ಕದು, ಗದ್ದದ ಕೆಳಭಾಗವೇ ಮುಖ್ಯ ಆಗಿಬಿಡುತ್ತದೆ.

ಪೋಲರೈಸರ್ ಅಂತ ಒಂದು ಫಿಲ್ಟರ್ ಬರುತ್ತದೆ, ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಗಾಜು. ಒದ್ದೆ ಎಲೆ, ಒದ್ದೆ ಕಲ್ಲಿನ ಮೇಲಿನ ಹೊಳಪು ಕಡಿಮೆ ಮಾಡುತ್ತದೆ. ಇದ್ದರೆ ತನ್ನಿ, ಇಲ್ಲ ಅಂತ ಕೊಳ್ಳಲು ಓಡಬೇಡಿ.

ಕಾಲಿಗೆ ಹಿಡಿತ ಇರುವ ಶೂ ಹಾಕಿ. ಪೇರ್ ಲಾಶೇಸ್‌ನ ಕಲ್ಲುಹಾಸಿನ ಏರುದಾರಿ ಮಳೆ ಬಂದರೆ ಜಾರುತ್ತದೆ. ನಮ್ಮ ಕಡೆಯ ಹಳೆಯ ಸಿಮೆಟ್ರಿಗಳಲ್ಲಿ ಹುಲ್ಲು ಮೊಣಕಾಲಿಗೆ ಬರುತ್ತದೆ, ಹಾವಿನ ಭಯ ಇದ್ದದ್ದೇ. ಚಪ್ಪಲಿ, ಚಡ್ಡಿ ಬೇಡ.

4. ಬೆಳಕಿನ ಲೆಕ್ಕ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಮೂರ್ತಿ ಅಲುಗಾಡುವುದಿಲ್ಲ, ಮುಖದ ಭಾವ ಬದಲಾಗುವುದಿಲ್ಲ. ಬದಲಾಗುವುದು ಬೆಳಕು ಒಂದೇ. ಬೂದು ಕಲ್ಲಿನ ಫೋಟೊ ಬಂತು ಅಂತ ಹೇಳುವವರಲ್ಲಿ ಹೆಚ್ಚಿನವರು ತಪ್ಪು ಹೊತ್ತಿನಲ್ಲಿ ಹೋದವರು.

ಕಡೆದ ಕಲ್ಲಿನಲ್ಲಿ ಉಬ್ಬು ತಗ್ಗು ಕಾಣಬೇಕಾದರೆ ಬೆಳಕು ಪಕ್ಕದಿಂದ ಬರಬೇಕು. ನೇರ ಮುಂದಿನಿಂದ ಬಿದ್ದರೆ ಮುಖ ತಟ್ಟೆಯಂತೆ ಚಪ್ಪಟೆ. ನೆತ್ತಿಯಿಂದ ಬಿದ್ದರೆ ಕಣ್ಣಿನ ಗುಳಿ ಎರಡು ಕಪ್ಪು ತೂತು, ಮೂಗಿನ ನೆರಳು ಬಾಯಿಯ ಮೇಲೆ. ಹಾಗಾಗಿ ಬೆಳಿಗ್ಗೆ ಅಥವಾ ಸಂಜೆ. ಮೋಡ ಮುಚ್ಚಿದ ದಿನವನ್ನು ಬೈದುಕೊಳ್ಳಬೇಡಿ. ಅಮೃತಶಿಲೆಯ ನವಿರು ಮೈಗೆ ಆ ಬೆಳಕು ತುಂಬ ಒಳ್ಳೆಯದು, ಮಡಿಕೆ ಮಡಿಕೆಯೂ ಕಾಣುತ್ತದೆ.

ಇನ್ನೊಂದು ವಿಷಯ ನಮ್ಮವರಿಗೆ ಹೊಳೆಯುವುದಿಲ್ಲ. ಡಿಸೆಂಬರಿನ ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ಐವತ್ತು ಡಿಗ್ರಿಗಿಂತ ಮೇಲೇರಿರುತ್ತಾನೆ, ಲಂಡನ್ನಿನಲ್ಲಿ ಹೆಚ್ಚೆಂದರೆ ಹದಿನೈದು ಡಿಗ್ರಿ. ಅಂದರೆ ಅಲ್ಲಿ ಚಳಿಗಾಲದಲ್ಲಿ ಇಡೀ ದಿನ ಓರೆ ಬೆಳಕೇ, ಮಧ್ಯಾಹ್ನ ಹನ್ನೆರಡಕ್ಕೂ ಕೆಲಸ ಮಾಡಬಹುದು. ಜೂನ್‌ನಲ್ಲಿ ಹೋದರೆ ಈ ಅನುಕೂಲ ಇಲ್ಲ. ಬ್ಯೂನಸ್ ಐರಿಸ್ ಭೂಮಧ್ಯರೇಖೆಯ ಆ ಕಡೆ, ಅಲ್ಲಿ ಮಧ್ಯಾಹ್ನದ ಸೂರ್ಯ ಇರುವುದು ಉತ್ತರಕ್ಕೆ. ಅದರ ಜೊತೆಗೆ ರೆಕೊಲೇಟಾದಲ್ಲಿ ಎತ್ತರದ ಸಮಾಧಿ ಮನೆಗಳ ನಡುವೆ ಕಿರಿದಾದ ಓಣಿಗಳು. ಬೆಳಿಗ್ಗೆ ಬೇಗ ಹೋದರೆ ಓಣಿಯ ತುಂಬ ನೆರಳು, ಮನೆಗಳ ನೆತ್ತಿಯ ಮೂರ್ತಿಗಳಿಗೆ ಮಾತ್ರ ಬಿಸಿಲು. ಹಾಗಾದರೆ ನೆತ್ತಿಯವನ್ನು ಮೊದಲು ಮುಗಿಸಿ, ಓಣಿಯೊಳಗಿನವನ್ನು ಬಿಸಿಲು ಕೆಳಗೆ ಓಣಿಗೆ ಬಂದ ಮೇಲೆ ನೋಡಿ.

ಕ್ರೈಸ್ತರ ಹಳೆಯ ಪದ್ಧತಿಯಲ್ಲಿ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಇಟ್ಟು ಹೂಳುತ್ತಾರೆ. ಆದ್ದರಿಂದ ಹಳೆಯ ಚರ್ಚಿನ ಅಂಗಳಗಳಲ್ಲಿ ಮೂರ್ತಿಗಳು ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ, ಸೂರ್ಯ ನೇರ ಮುಂದಿನಿಂದ ಸ್ವಲ್ಪ ಪಕ್ಕಕ್ಕೆ ಸರಿದ ಬೆಳಗಿನ ಹೊತ್ತು ಅನುಕೂಲ. 19ನೇ ಶತಮಾನದ ದೊಡ್ಡ ತೋಟದಂಥ ಸಿಮೆಟ್ರಿಗಳಲ್ಲಿ ಮಾತ್ರ ಈ ಲೆಕ್ಕ ನಂಬಬೇಡಿ, ಅಲ್ಲಿ ಸಮಾಧಿಗಳು ದಾರಿಯ ಕಡೆ ಮುಖ ಮಾಡಿರುತ್ತವೆ. ಮೊಬೈಲಿನ ದಿಕ್ಸೂಚಿ ತೆಗೆದು ನೋಡಿ, ಅಷ್ಟೇ.

5. ಕ್ಯಾಮೆರಾ ತೆಗೆಯದೆ ಒಂದು ಸುತ್ತು ಹಾಕಿ

ಒಳಗೆ ಹೋದ ತಕ್ಷಣ ಕಂಡದ್ದಕ್ಕೆಲ್ಲ ಕ್ಲಿಕ್ ಮಾಡುತ್ತ ಹೋದರೆ ರಾತ್ರಿ ಹೋಟೆಲಿನಲ್ಲಿ ನೋಡಿದಾಗ ಎಲ್ಲ ಒಂದೇ ಥರ. ಸುತ್ತಿ ಬಂದು ನಾಲ್ಕೈದು ಮೂರ್ತಿ ಆರಿಸಿ. ಯಾವುದಕ್ಕೆ ಈಗ ಬೆಳಕಿದೆ, ಯಾವುದಕ್ಕೆ ಎರಡು ಗಂಟೆ ಬಿಟ್ಟು ಬರಬೇಕು ಅಂತ ಗುರುತು ಹಾಕಿಕೊಳ್ಳಿ.

ಸುತ್ತುವಾಗ ಮೂರ್ತಿಯ ಕೈಯಲ್ಲಿ ಏನಿದೆ ನೋಡಿ. ಕಹಳೆ ಅಂದರೆ ಕೊನೆಯ ತೀರ್ಪಿನ ದಿನದ ಕರೆ. ತಲೆಕೆಳಗಾದ ಪಂಜು ಅಂದರೆ ಆರಿದ ಜೀವ. ಲಂಗರು ಅಂದರೆ ಭರವಸೆ. ಮುರಿದ ಕಂಬ ಅಂದರೆ ನಡುವಿನಲ್ಲೇ ಮುಗಿದ ಬದುಕು. ಕುರಿಮರಿ ಇದ್ದರೆ ಅದು ಸಾಮಾನ್ಯವಾಗಿ ಮಗುವಿನ ಸಮಾಧಿ. ಇದು ಗೊತ್ತಿದ್ದರೆ ಫ್ರೇಮಿನಲ್ಲಿ ಏನು ಬಿಡಬಾರದು ಅಂತ ಗೊತ್ತಾಗುತ್ತದೆ. ಕಹಳೆ ಅರ್ಧ ಕತ್ತರಿಸಿ ಹೋದ ಫೋಟೊಗಳು ಎಷ್ಟು ನೋಡಿದ್ದೇನೆ!

ರೆಕ್ಕೆ ಇಲ್ಲದ ಮೂರ್ತಿಗಳನ್ನೂ ಬಿಡಬೇಡಿ. ಸ್ಟಾಲಿಯೆನೊದಲ್ಲಿ ಕಾತೆರೀನಾ ಕಾಂಪೊದೊನಿಕೊ ಅನ್ನುವ ಹೆಂಗಸಿನ ಮೂರ್ತಿ ಇದೆ. ಸಂತೆ, ಜಾತ್ರೆಗಳಲ್ಲಿ ತಿನ್ನುವ ಬೀಜ ಮಾರಿ ಬದುಕಿದವಳು. ತಾನು ದುಡಿದ ದುಡ್ಡಿನಲ್ಲಿ, ಬದುಕಿರುವಾಗಲೇ, 1881ರಲ್ಲಿ ಶಿಲ್ಪಿ ಲೊರೆಂಜೊ ಒರೆಂಗೊ ಕೈಲಿ ತನ್ನ ಮೂರ್ತಿ ಮಾಡಿಸಿಕೊಂಡಳು. ಸಾಹುಕಾರರ ಸಾಲಿನಲ್ಲೇ ನಿಂತಿದ್ದಾಳೆ, ಕೈಯಲ್ಲಿ ದಾರಕ್ಕೆ ಪೋಣಿಸಿದ ಹೇಜಲ್ ಬೀಜದ ಸರ, ಬಳೆಯಂಥ ರೊಟ್ಟಿ. ಹೆಗಲ ಶಾಲಿನ ಕುಚ್ಚು, ಲಂಗದ ಮಡಿಕೆ, ಬಳಲಿದ ಬೆರಳು, ಎಲ್ಲವೂ ಕಲ್ಲಿನಲ್ಲಿವೆ. ನನ್ನನ್ನು ಕೇಳಿದರೆ ಅಲ್ಲಿನ ಎಷ್ಟೋ ದೇವದೂತರಿಗಿಂತ ಇವಳ ಕೈಗಳ ಫೋಟೊ ಮೇಲು.

6. ಎಕ್ಸ್‌ಪೋಷರ್: ಬಿಳಿ ಕಲ್ಲು, ಕಪ್ಪು ಕಂಚು

ಎಕ್ಸ್‌ಪೋಷರ್ ಅಂದರೆ ಕ್ಯಾಮೆರಾ ಒಳಗೆ ಎಷ್ಟು ಬೆಳಕು ಬಿಡಬೇಕು ಅನ್ನುವುದು. ಆಟೊ ಮೋಡ್‌ನಲ್ಲಿ ಕ್ಯಾಮೆರಾ ಕಂಡದ್ದನ್ನೆಲ್ಲ ಮಧ್ಯಮ ಬೂದಿಗೆ ತರಲು ನೋಡುತ್ತದೆ. ಫ್ರೇಮಿನ ತುಂಬ ಬಿಳಿ ಅಮೃತಶಿಲೆ ಇದ್ದರೆ ಅದನ್ನೂ ಬೂದು ಮಾಡುತ್ತದೆ. ಆ ಬೂದು ಕಲ್ಲಿನ ಫೋಟೊಗೆ ಇನ್ನೊಂದು ಕಾರಣ ಇದೇ.

ಕ್ಯಾಮೆರಾದಲ್ಲಿ ಪ್ಲಸ್-ಮೈನಸ್ ಗುರುತಿನ ಬಟನ್ ಇರುತ್ತದೆ, ಎಕ್ಸ್‌ಪೋಷರ್ ಕಾಂಪನ್ಸೇಶನ್ ಅಂತ. ಮೋಡದ ದಿನ ಬಿಳಿ ಮೂರ್ತಿಗೆ ಪ್ಲಸ್ 0.7ರಿಂದ ಪ್ಲಸ್ 1 ಇಡಿ. ಮೊಬೈಲಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ.

ಬಿಸಿಲಿನಲ್ಲಿ ಮಾತ್ರ ಎಚ್ಚರ. ಮೂರ್ತಿಗೆ ಬಿಸಿಲು, ಹಿಂದೆ ಕತ್ತಲ ಮರ ಇದ್ದರೆ ಕ್ಯಾಮೆರಾ ಮರವನ್ನು ನೋಡಿ ಬೆಳಕು ಜಾಸ್ತಿ ಬಿಡುತ್ತದೆ, ಮೂಗು, ಹಣೆ ಬರೀ ಬಿಳಿ ಮಚ್ಚೆ ಆಗುತ್ತದೆ. ಹಾಗೆ ಸುಟ್ಟುಹೋದ ಬಿಳಿಯನ್ನು ಆಮೇಲೆ ಯಾವ ಆ್ಯಪ್‌ನಲ್ಲೂ ಸರಿಮಾಡಲು ಆಗುವುದಿಲ್ಲ. ಅಂಥ ಕಡೆ ಮೈನಸ್ 1 ಇಟ್ಟು ತೆಗೆಯಿರಿ. ಕಪ್ಪಾದದ್ದನ್ನು ಸ್ವಲ್ಪ ಎತ್ತಬಹುದು.

ಕಂಚಿಗೆ ಬೇರೆ ಲೆಕ್ಕ. ಕ್ಲೀವ್‌ಲ್ಯಾಂಡ್‌ನ ಲೇಕ್ ವ್ಯೂನಲ್ಲಿ ಹ್ಯಾಸರಾಟ್ ಕುಟುಂಬದ ಸಮಾಧಿಯ ಮೇಲೆ ಹರ್ಮನ್ ಮಾಟ್ಜೆನ್ ಮಾಡಿದ ಕಂಚಿನ ದೇವದೂತ ಕೂತಿದ್ದಾನೆ. ರೆಕ್ಕೆ ಚಾಚಿ, ಆರಿದ ಪಂಜನ್ನು ತಲೆಕೆಳಗಾಗಿ ಹಿಡಿದಿದ್ದಾನೆ. ಮಳೆ ಗಾಳಿಗೆ ಕಂಚು ಬಣ್ಣ ಬಿಟ್ಟು ಎರಡೂ ಕಣ್ಣಿನಿಂದ ಕತ್ತಿನವರೆಗೆ ಕಪ್ಪು ಗೆರೆ ಇಳಿದಿದೆ, ಕಣ್ಣೀರು ಸುರಿದ ಹಾಗೆ. ಇಂಥದಕ್ಕೆ ಮೋಡದ ಬೆಳಕು, ಮೈನಸ್ 0.3ರಿಂದ 0.7. ಪ್ಲಸ್ ಇಟ್ಟರೆ ಆ ಗೆರೆಯೇ ತೆಳುವಾಗಿ ಹೋಗುತ್ತದೆ.

ಸ್ಟಾಲಿಯೆನೊದ ಕಮಾನುಗಳ ಒಳಗೆ ಇನ್ನೊಂದು ಪೇಚು. ಅಲ್ಲಿ ಮಳೆ ಬೀಳುವುದಿಲ್ಲ, ಹಾಗಾಗಿ ಎಷ್ಟೋ ಮೂರ್ತಿಗಳ ಮೇಲೆ ವರ್ಷಗಳ ಧೂಳು ಹಾಗೇ ಕೂತಿದೆ. ಕೂತಿರುವುದು ಮೇಲ್ಮುಖದ ಜಾಗಗಳಲ್ಲಿ: ಹಣೆ, ಮೂಗಿನ ಮೇಲ್ಗಡೆ, ಹೆಗಲು, ಮಡಿಕೆಗಳ ಮೇಲಂಚು. ಬೆಳಗಬೇಕಾದ ಜಾಗ ಕಪ್ಪು, ನೆರಳಿರಬೇಕಾದ ಜಾಗ ಬಿಳಿ. ಹಳೆಯ ಫಿಲ್ಮಿನ ನೆಗೆಟಿವ್ ನೋಡಿದ ಹಾಗಾಗುತ್ತದೆ, ಮುಖ ತಕ್ಷಣ ಗುರುತು ಸಿಗುವುದಿಲ್ಲ. ಇದಕ್ಕೆ ಉಪಾಯ: ಕಮಾನಿನ ತೆರೆದ ಬದಿ ನಿಮ್ಮ ಪಕ್ಕಕ್ಕೆ ಬರುವ ಹಾಗೆ ನಿಂತು, ಮುಖದ ಅರ್ಧಕ್ಕೆ ಬೆಳಕು ಬೀಳುವ ಕೋನ ಹುಡುಕಿ. ಕಾಂಟ್ರಾಸ್ಟ್, ಅಂದರೆ ಕಪ್ಪಿಗೂ ಬಿಳಿಗೂ ಇರುವ ಅಂತರ, ಜಾಸ್ತಿ ಮಾಡಬೇಡಿ, ಮಾಡಿದಷ್ಟೂ ಧೂಳೇ ಎದ್ದು ಕಾಣುತ್ತದೆ. ಕರವಸ್ತ್ರದಲ್ಲಿ ಒರೆಸಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ.

ಒಳಗೆ ಕತ್ತಲಿದ್ದರೆ ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನುವ ಅಂಕಿ, 1600ಕ್ಕೆ ಏರಿಸಿ. ಫ್ಲ್ಯಾಶ್ ಬೇಡ, ಶಿಲ್ಪಿ ತಿಂಗಳುಗಟ್ಟಲೆ ಕಡೆದ ಉಬ್ಬು ತಗ್ಗನ್ನೆಲ್ಲ ಅದು ಒಂದೇ ಏಟಿಗೆ ಸಪಾಟು ಮಾಡುತ್ತದೆ.

7. ಎಲ್ಲಿ ನಿಲ್ಲಬೇಕು

ಮೂರ್ತಿಯ ಸುತ್ತ ನಡೆಯಿರಿ. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಹಿಂದಿನ ಶಿಲುಬೆ ತಲೆಯಿಂದ ಮೊಳೆತಂತೆ ಕಾಣುವುದು ತಪ್ಪುತ್ತದೆ. ಹಿನ್ನೆಲೆಯಲ್ಲಿ ಬಿಳಿ ಆಕಾಶ ಇದ್ದರೆ ಬಿಳಿ ರೆಕ್ಕೆ ಅದರಲ್ಲೇ ಕರಗಿಹೋಗುತ್ತದೆ. ಕಡು ಹಸಿರು ಮರವೋ ನೆರಳಿನ ಗೋಡೆಯೋ ಹಿಂದೆ ಬರುವ ಹಾಗೆ ಜಾಗ ಬದಲಿಸಿ.

ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಳತೆ, ಎಫ್ 4ರಿಂದ 5.6 ಇದ್ದರೆ ಮುಖ ಸ್ಪಷ್ಟ, ಹಿನ್ನೆಲೆ ಮಸುಕು. ಫೋಕಸ್ ಹತ್ತಿರದ ಕಣ್ಣಿನ ಮೇಲಿರಲಿ. ಮೊಬೈಲಿನ ಪೋರ್ಟ್ರೇಟ್ ಮೋಡ್ ನಂಬಬೇಡಿ, ರೆಕ್ಕೆಯ ತುದಿ ಎಲ್ಲಿ ಮುಗಿಯುತ್ತದೆ ಅಂತ ಅದಕ್ಕೆ ಗೊತ್ತಾಗದೆ ಗರಿಗಳನ್ನೇ ಮಸುಕು ಮಾಡುತ್ತದೆ.

ಹೈಗೇಟ್‌ನ ಪಶ್ಚಿಮ ಭಾಗದಲ್ಲಿ ಮೇರಿ ನಿಕೋಲ್ಸ್ ಸಮಾಧಿಯ ಮೇಲೆ ಮಲಗಿ ನಿದ್ದೆ ಹೋದ ದೇವದೂತ ಇದ್ದಾಳೆ. ಮಲಗಿದ ಮೂರ್ತಿಗೆ ನಿಂತುಕೊಂಡು ಮೇಲಿಂದ ತೆಗೆಯಬೇಡಿ. ದಾರಿಯಲ್ಲೇ ಕುಕ್ಕರಗಾಲಲ್ಲಿ ಕೂತು ಅವಳ ಮುಖದ ಮಟ್ಟಕ್ಕೆ ಕ್ಯಾಮೆರಾ ಇಳಿಸಿ.

ಪೂರ್ತಿ ಮೂರ್ತಿ ಒಂದು, ಎದೆಯವರೆಗೆ ಒಂದು, ಆಮೇಲೆ ತುಣುಕುಗಳು: ಬೆರಳು, ಪಾದ, ಗರಿಗಳ ನಡುವಿನ ಪಾಚಿ. ರೋಮ್‌ನ ದೇವದೂತನ ಮುಖವೇ ಸರಿಯಾಗಿ ಕಾಣುವುದಿಲ್ಲ, ಪೀಠದ ಆಚೆ ಜೋತುಬಿದ್ದ ಕೈಯೇ ಎಲ್ಲ ಹೇಳುತ್ತದೆ.

8. ಮಾಡಲೇಬಾರದ್ದು

ಮುಟ್ಟಬೇಡಿ, ಒರಗಬೇಡಿ, ಪೀಠ ಹತ್ತಬೇಡಿ. ಹಳೆಯ ಕಲ್ಲಿನ ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದಿರುತ್ತದೆ, ವಾಲಿದ ಕಲ್ಲು ಯಾವಾಗ ಬೀಳುತ್ತದೋ ಹೇಳಲಾಗದು. ಮಕ್ಕಳು ಜೊತೆಗಿದ್ದರೆ ಕೈ ಹಿಡಿದುಕೊಂಡಿರಿ. ಆಮ್ಲದ ಮಳೆಗೆ ಸಿಕ್ಕ ಅಮೃತಶಿಲೆಯ ಮೇಲ್ಪದರ ಸಕ್ಕರೆಯಂತೆ ಹರಳು ಹರಳಾಗಿ ಉದುರುತ್ತದೆ, ಬೆರಳು ಸವರಿದರೂ ಸಾಕು. ಮುಟ್ಟಿದರೆ ಏನಾಗುತ್ತದೆ ಅಂತ ನೋಡಬೇಕಾದರೆ ಪೇರ್ ಲಾಶೇಸ್‌ನಲ್ಲಿ ವಿಕ್ತೋರ್ ನ್ವಾರ್ ಅನ್ನುವ ಪತ್ರಕರ್ತನ ಕಂಚಿನ ಮೂರ್ತಿ ನೋಡಿ. ಮೈಯೆಲ್ಲ ಹಸಿರುಗಟ್ಟಿದೆ, ಜನ ಅದೃಷ್ಟಕ್ಕೆ ಅಂತ ಉಜ್ಜಿದ ಜಾಗಗಳು ಮಾತ್ರ ಫಳಫಳ. ಎಲ್ಲೆಲ್ಲಿ ಅಂತ ನೀವೇ ನೋಡಿಕೊಳ್ಳಿ.

ಮಾಸಿದ ಅಕ್ಷರ ಓದಲು ಶೇವಿಂಗ್ ಕ್ರೀಮ್ ಬಳಿಯಿರಿ, ಸೀಮೆಸುಣ್ಣ ಉಜ್ಜಿ ಅಂತ ಹೇಳುವವರಿದ್ದಾರೆ. ಕೇಳಬೇಡಿ, ಎರಡೂ ಕಲ್ಲಿಗೆ ಹಾಳು. ಮೊಬೈಲ್ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಓರೆಯಾಗಿ ಬೆಳಕು ಹಾಯಿಸಿ, ಅಕ್ಷರ ತಾನಾಗಿ ಎದ್ದು ಬರುತ್ತದೆ.

ಶವಸಂಸ್ಕಾರ ನಡೆಯುತ್ತಿದ್ದರೆ ಕ್ಯಾಮೆರಾ ಒಳಗಿಟ್ಟು ಬೇರೆ ದಾರಿ ಹಿಡಿಯಿರಿ. ಈ ಸಿಮೆಟ್ರಿಗಳಲ್ಲಿ ಹಲವು ಇನ್ನೂ ಬಳಕೆಯಲ್ಲಿವೆ. ಹೊಸ ಸಮಾಧಿಗಳು, ಇಟಲಿಯಲ್ಲಿ ಕಲ್ಲಿಗೆ ಅಂಟಿಸುವ ತೀರಿಕೊಂಡವರ ಪಿಂಗಾಣಿ ಫೋಟೊಗಳು, ಇವು ನಿಮ್ಮ ಇನ್‌ಸ್ಟಾಗ್ರಾಮಿಗೆ ಅಲ್ಲ. ದೇವದೂತನ ಪಕ್ಕ ರೆಕ್ಕೆ ಬಿಚ್ಚಿದ ಪೋಸಿನ ಸೆಲ್ಫಿಯೂ ಬೇಡ ಮಾರಾಯ್ರೆ.

9. ಮನೆಗೆ ಬಂದ ಮೇಲೆ

ಮರದಡಿಯ ಅಮೃತಶಿಲೆ ಎಲೆಗಳ ಬಣ್ಣ ಹಿಡಿದು ಹಸಿರಾಗಿ ಬರುತ್ತದೆ, ನೆರಳಿನಲ್ಲಿದ್ದದ್ದು ನೀಲಿಯಾಗಿ. ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆ, ಅದನ್ನು ಮೊದಲು ಸರಿಮಾಡಿ. ರಾ ಫೈಲಿನಲ್ಲಿ ತೆಗೆದಿದ್ದರೆ, ಅಂದರೆ ಕ್ಯಾಮೆರಾ ಏನೂ ತಿದ್ದದೆ ಕೊಟ್ಟ ಫೈಲಿನಲ್ಲಿ, ಈ ಕೆಲಸ ಸುಲಭ. ಪೂರ್ತಿ ಅಳಿಸಬೇಡಿ, ಒಂದಿಷ್ಟು ಹಸಿರು ಇದ್ದರೆ ಮರದಡಿ ಇದ್ದದ್ದು ಗೊತ್ತಾಗುತ್ತದೆ.

ಕಪ್ಪುಬಿಳುಪು ಮಾಡಿ, ಮೂಲೆ ಕತ್ತಲು ಮಾಡಿ, ದೆವ್ವದ ಸಿನಿಮಾ ಪೋಸ್ಟರ್ ಥರ ತಿದ್ದುವ ಚಟ ಎಲ್ಲರಿಗೂ ಬರುತ್ತದೆ. ನನಗೆ ಅದು ಸೇರುವುದಿಲ್ಲ. ಈ ಮೂರ್ತಿಗಳನ್ನು ಮಾಡಿಸಿದವರು ಯಾರನ್ನೂ ಹೆದರಿಸಲು ಮಾಡಿಸಿದ್ದಲ್ಲ.

ಪ್ರತಿ ಮೂರ್ತಿಯ ಜೊತೆ ಸಮಾಧಿಯ ಹೆಸರು ಬರೆದ ಕಲ್ಲು, ಸಾಲಿನ ನಂಬರ್ ಬೋರ್ಡು ಇವುಗಳದ್ದೂ ಒಂದೊಂದು ಫೋಟೊ ಅಲ್ಲೇ ತೆಗೆದಿಟ್ಟುಕೊಳ್ಳಿ, ಶಿಲ್ಪಿಯ ಸಹಿ ಎಷ್ಟೋ ಸಲ ಪೀಠದ ಪಕ್ಕದಲ್ಲಿ ಕೆತ್ತಿರುತ್ತದೆ. ಯುರೋಪಿನಲ್ಲಿ ಶಿಲ್ಪಿ ತೀರಿಕೊಂಡು 70 ವರ್ಷ ದಾಟಿದ ಮೇಲೆ ಅವನ ಕೃತಿಗೆ ಕಾಪಿರೈಟ್ ಇರುವುದಿಲ್ಲ, ಆದ್ದರಿಂದ ಹೆಸರು ಗೊತ್ತಿರುವುದು ಒಳ್ಳೆಯದು. ಆದರೂ ಪ್ರಿಂಟ್ ಮಾಡಿ ಮಾರುವ, ಪುಸ್ತಕದ ಹೊದಿಕೆಗೆ ಕೊಡುವ ಯೋಚನೆ ಇದ್ದರೆ ಸಿಮೆಟ್ರಿಯ ಆಡಳಿತಕ್ಕೆ ಒಂದು ಇಮೇಲ್ ಹಾಕಿ ಬರಹದಲ್ಲಿ ಅನುಮತಿ ಪಡೆಯಿರಿ. ಇಟಲಿಯಲ್ಲಿ ಸರ್ಕಾರದ ಒಡೆತನದ ಪರಂಪರೆಯ ವಸ್ತುಗಳ ಚಿತ್ರವನ್ನು ವ್ಯಾಪಾರಕ್ಕೆ ಬಳಸಲು ಪ್ರತ್ಯೇಕ ಕಾನೂನೇ ಇದೆ, ಶುಲ್ಕವನ್ನೂ ಕೇಳುತ್ತಾರೆ.